ಅಮ್ಮನ ಕೈಗೆ ಬಿಲ್ ಇಲ್ಲ, ಅಪ್ಪನ ಎದೆಗೆ ಇದೆ: ನ್ಯೂಜಿಲೆಂಡಿನ ಎಸಿಸಿಯ ಒಂದು ಪ್ರಕರಣ

ಹಲವು ಮನೆಗಳಲ್ಲಿ ಆಗುವುದನ್ನು ಒಂದೇ ಮನೆಗೆ ತಂದು ಕಟ್ಟಿದ ಪ್ರಕರಣ ಇದು. ಹಾಗಾಗಿ ಹೆಸರುಗಳಿಲ್ಲ. ಎಸಿಸಿ ಅಂದರೆ ಅಪಘಾತದಲ್ಲಿ ಗಾಯಗೊಂಡವರ ಚಿಕಿತ್ಸೆಗೆ ದುಡ್ಡು ಕೊಡುವ ಅಲ್ಲಿನ ಸರ್ಕಾರಿ ಸಂಸ್ಥೆ. ಕಾನೂನು, ಫಾರಂ, ಗಡುವು ಮಾತ್ರ ನಿಜವಾಗಿ ಇರುವಂಥವೇ.

ಮಗ ಸೊಸೆ ಇಬ್ಬರಿಗೂ ಆಕ್ಲೆಂಡಿನಲ್ಲಿ ಕೆಲಸ. ಮೊಮ್ಮಗನನ್ನು ನೋಡಲು ಹಾಸನದಿಂದ ಅಪ್ಪ ಅಮ್ಮ ವಿಸಿಟರ್ ವೀಸಾದ ಮೇಲೆ ಬಂದಿದ್ದಾರೆ. ಅಮ್ಮನಿಗೆ 63 ವರ್ಷ. ಊರಲ್ಲಿ ಬ್ಲೌಸ್ ಹೊಲಿಯುತ್ತಾರೆ, ಮದುವೆ ಸೀಸನ್ ಬಂದರೆ ಊಟಕ್ಕೂ ಪುರುಸೊತ್ತಿರುವುದಿಲ್ಲ. ಅಪ್ಪ ರಿಟೈರ್ ಆಗಿದ್ದಾರೆ, ಬಿಪಿ ಮಾತ್ರೆ ತಗೊಳ್ಳುತ್ತಾರೆ.

ಜುಲೈ ತಿಂಗಳೆಂದರೆ ಅಲ್ಲಿ ಚಳಿಗಾಲ, ಆಕ್ಲೆಂಡಿನಲ್ಲಿ ಮಳೆಯೂ ಜಾಸ್ತಿ. ಬಾಡಿಗೆ ಮನೆಯ ಹಿತ್ತಲಿಗೆ ಇಳಿಯುವ ಮರದ ಮೆಟ್ಟಿಲಿಗೆ ಪಾಚಿ ಕಟ್ಟಿತ್ತು. ಬಟ್ಟೆ ಒಣಹಾಕಲು ಹೋದ ಅಮ್ಮ ಜಾರಿ ಬಿದ್ದರು. ಬೀಳುವಾಗ ಬಲಗೈ ಊರಿದರು. ಮಣಿಕಟ್ಟು ಸೊಟ್ಟಗಾಯಿತು. ಮೂಳೆ ಮುರಿದಿದೆ ಅಂತ ಹೇಳಲು ಡಾಕ್ಟರೇ ಬೇಕಿರಲಿಲ್ಲ.

ಆಸ್ಪತ್ರೆಗೆ ಹೋಗುವ ಕಾರಿನಲ್ಲೇ ಅಪ್ಪ ಶುರು ಮಾಡಿದರು: "ಪಾಚಿ ತೆಗೆಸೋದು ಓನರ್ ಕೆಲಸ ತಾನೇ? ಅವನ ಮೇಲೆ ಕೇಸ್ ಹಾಕೋಕೆ ಆಗಲ್ವಾ?" ಮಗನ ಚಿಂತೆ ಬೇರೆ. ಓನರ್ ಜೊತೆ ಮುಖ ಕೆಡಿಸಿಕೊಂಡರೆ ಮನೆ ಬಿಡಬೇಕಾದೀತು. ಅದಕ್ಕಿಂತ ದೊಡ್ಡ ಚಿಂತೆ ಬಿಲ್ಲಿನದು. ವಿಸಿಟರ್‌ಗಳಿಗೆ ಅಲ್ಲಿ ಸರ್ಕಾರಿ ಆಸ್ಪತ್ರೆಯಲ್ಲೂ ಪುಕ್ಕಟೆ ಇಲ್ಲ ಅನ್ನುವುದು ಅವನಿಗೆ ಗೊತ್ತಿತ್ತು.

ಎರಡೂ ಚಿಂತೆ ಬೇಕಿರಲಿಲ್ಲ. ನ್ಯೂಜಿಲೆಂಡಿನಲ್ಲಿ ಅಪಘಾತದಿಂದ ಗಾಯವಾದರೆ ಯಾರ ತಪ್ಪು ಅಂತ ಕೇಳದೆಯೇ ಸರ್ಕಾರಿ ಯೋಜನೆಯೊಂದು ಖರ್ಚಿಗೆ ಆಗುತ್ತದೆ. 1967ರಲ್ಲಿ ನ್ಯಾಯಮೂರ್ತಿ ಓವನ್ ವುಡ್‌ಹೌಸ್ ಅವರ ಆಯೋಗ ಕೊಟ್ಟ ವರದಿಯಲ್ಲಿ ಇದರ ಬೇರಿದೆ. ಕೋರ್ಟಿಗೆ ಹೋಗಿ ಇನ್ನೊಬ್ಬರ ನಿರ್ಲಕ್ಷ್ಯ ಸಾಬೀತು ಮಾಡಿ ಪರಿಹಾರ ಪಡೆಯುವುದು ಲಾಟರಿ ಇದ್ದಂತೆ, ಒಬ್ಬನಿಗೆ ಹೊಡೆಯುತ್ತದೆ, ಅಷ್ಟೇ ಪೆಟ್ಟು ತಿಂದ ಇನ್ನೊಬ್ಬನಿಗೆ ಏನೂ ಇಲ್ಲ ಅನ್ನುವುದು ಆ ವರದಿಯ ತಕರಾರು. 1972ರಲ್ಲಿ ಕಾಯ್ದೆ ಬಂತು, 1974ರ ಏಪ್ರಿಲ್ 1ರಿಂದ ಜಾರಿಯಾಯಿತು. ಈಗ ನಡೆಯುತ್ತಿರುವುದು 2001ರ ಅಪಘಾತ ಪರಿಹಾರ ಕಾಯ್ದೆ. ಅದನ್ನು ನಡೆಸುವ ಸರ್ಕಾರಿ ಸಂಸ್ಥೆಯೇ ಎಸಿಸಿ, ಅಂದರೆ ಅಪಘಾತ ಪರಿಹಾರ ನಿಗಮ.

ಇದಕ್ಕೊಂದು ಬೆಲೆ ಇದೆ. ಕವರ್ ಆಗುವ, ಅಂದರೆ ಎಸಿಸಿಯ ರಕ್ಷಣೆಯಡಿ ಬರುವ ಗಾಯಕ್ಕೆ ಯಾರ ಮೇಲೂ ಪರಿಹಾರದ ದಾವೆ ಹೂಡುವ ಹಾಗಿಲ್ಲ. ಕಾಯ್ದೆಯ ಸೆಕ್ಷನ್ 317 ಆ ಬಾಗಿಲು ಮುಚ್ಚುತ್ತದೆ. ತೀರಾ ಅತಿರೇಕದ ನಡತೆಗೆ ದಂಡದ ರೂಪದ ಪರಿಹಾರ ಕೇಳುವ ಒಂದು ಸಣ್ಣ ಕಿಂಡಿ ಮಾತ್ರ ಉಳಿದಿದೆ. ಪಾಚಿ ಕಟ್ಟಿದ ಮೆಟ್ಟಿಲು ಆ ಕಿಂಡಿಯಲ್ಲಿ ತೂರುವುದಿಲ್ಲ.

ಎಂವಿಸಿ ಕೇಸು, ಅಂದರೆ ವಾಹನ ಅಪಘಾತದ ಪರಿಹಾರದ ಕೇಸು ನೋಡಿ ಬೆಳೆದ ನಮಗೆ ಇದು ಸುಲಭಕ್ಕೆ ತಲೆಗೆ ಹೋಗುವುದಿಲ್ಲ. ನಮ್ಮ ಮೋಟಾರು ವಾಹನ ಕಾಯ್ದೆಯಲ್ಲೂ ತಪ್ಪು ಕೇಳದ ಪರಿಹಾರ ಉಂಟು: ಸೆಕ್ಷನ್ 164ರಡಿ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ. ಆದರೆ ಅದು ವಾಹನದಿಂದ ಆದ ಪೆಟ್ಟಿಗೆ ಮಾತ್ರ. ಹಾಸನದ ಮನೆಯ ಮೆಟ್ಟಿಲಲ್ಲಿ ಜಾರಿದ್ದರೆ ಅಮ್ಮನಿಗೆ ಆ ಕಾಯ್ದೆಯಿಂದ ಬಿಡಿಗಾಸೂ ಬರುತ್ತಿರಲಿಲ್ಲ.

ಹಾಗಾದರೆ ವಿಸಿಟರ್‌ಗೂ ಇದು ಸಿಗುತ್ತದೆಯೇ? ಸಿಗುತ್ತದೆ. ವೀಸಾ ಯಾವುದು, ತೆರಿಗೆ ಕಟ್ಟಿದ್ದಾರಾ ಅನ್ನುವುದರ ಮೇಲೆ ಕವರ್ ನಿಂತಿಲ್ಲ. ಗಾಯ ನ್ಯೂಜಿಲೆಂಡಿನ ನೆಲದಲ್ಲಿ ಆಯಿತಾ ಅನ್ನುವುದೇ ಮುಖ್ಯ. ದುಡ್ಡು ಹಲವು ಕಡೆಯಿಂದ ಬರುತ್ತದೆ. ಸಂಬಳದಾರರಿಂದ ನೂರು ಡಾಲರಿಗೆ ಒಂದೂವರೆ ಡಾಲರಿಗಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತಾರೆ, ಕಂಪನಿಗಳು ಬೇರೆ ಕಟ್ಟುತ್ತವೆ, ಪೆಟ್ರೋಲ್ ಬೆಲೆಯಲ್ಲೂ ವಾಹನದ ಲೈಸೆನ್ಸ್ ಶುಲ್ಕದಲ್ಲೂ ಒಂದು ಪಾಲು ಇದೆ. ದುಡಿಯದವರ ಖಾತೆಗೆ ಸರ್ಕಾರವೇ ಹಾಕುತ್ತದೆ. ಪ್ರವಾಸಿಗಳ ಖರ್ಚು ಬಹುಪಾಲು ಬರುವುದು ಇದರಿಂದ. 2019ರ ಡಿಸೆಂಬರ್ 9ರಂದು ವಕಾರಿ ದ್ವೀಪದ ಜ್ವಾಲಾಮುಖಿ ಸಿಡಿದು 22 ಜನ ಸತ್ತರಲ್ಲ, ಆಗ ಸುಟ್ಟ ಗಾಯಗಳಾದ ವಿದೇಶಿ ಪ್ರವಾಸಿಗಳಿಗೆ ಅಲ್ಲಿ ಸಿಕ್ಕ ಚಿಕಿತ್ಸೆಗೂ ಇದೇ ಎಸಿಸಿಯ ಆಸರೆ ಇತ್ತು.

ಗಡಿ ಎಲ್ಲಿದೆ ಅಂದರೆ, ಅಮ್ಮ ಬರುವಾಗ ವಿಮಾನದಲ್ಲೇ ಮೇಲಿನ ಲಗೇಜ್ ಬಿದ್ದು ಪೆಟ್ಟಾಗಿದ್ದರೆ ಕವರ್ ಇರುತ್ತಿರಲಿಲ್ಲ. ಅಲ್ಲಿನ ಕಾಯಂ ನಿವಾಸಿಗಳಲ್ಲದವರಿಗೆ ಬರುವ, ಹೋಗುವ ಪ್ರಯಾಣ ಈ ಲೆಕ್ಕಕ್ಕೆ ಸೇರದು.

ಎಮರ್ಜೆನ್ಸಿಯಲ್ಲಿ ಎಕ್ಸ್‌ರೇ ತೆಗೆದರು, ಕೈ ಮರಗಟ್ಟಿಸಿ ಮೂಳೆ ಎಳೆದು ಕೂರಿಸಿದರು, ಪ್ಲಾಸ್ಟರ್ ಹಾಕಿದರು. ಅಪ್ಪ ಮಾತ್ರ ಪುತ್ತೂರು ಕಟ್ಟಿನ ಗುಣಗಾನ ಮಾಡುತ್ತಾ ಕೂತಿದ್ದರು. ಕ್ಲೇಮು ಹಾಕಲು ಮನೆಯವರು ಎಲ್ಲಿಗೂ ಹೋಗಬೇಕಿಲ್ಲ. ಚಿಕಿತ್ಸೆ ಕೊಟ್ಟವರೇ ಎಸಿಸಿ 45 ಅನ್ನುವ ಫಾರಂ ತುಂಬಿ ಕಳಿಸುತ್ತಾರೆ, ಗಾಯಗೊಂಡವರು ಒಪ್ಪಿಗೆ ಕೊಟ್ಟರೆ ಸಾಕು. ಡಾಕ್ಟರೇ ಆಗಬೇಕೆಂದೂ ಇಲ್ಲ, ಫಿಸಿಯೋ ಕೂಡ ಕಳಿಸಬಹುದು. ಮಣಿಕಟ್ಟಿನ ಕ್ಲೇಮು ತಕರಾರಿಲ್ಲದೆ ಒಪ್ಪಿಗೆಯಾಯಿತು. ಸರ್ಕಾರಿ ಆಸ್ಪತ್ರೆಯ ಆ ಚಿಕಿತ್ಸೆಗೆ ಬಿಲ್ ಬರಲಿಲ್ಲ. ಆಮೇಲೆ ಮನೆ ಹತ್ತಿರದ ಡಾಕ್ಟರಿಗೆ, ಫಿಸಿಯೋಗೆ ಮಾತ್ರ ಸ್ವಲ್ಪ ಸ್ವಲ್ಪ ಕೈಯಿಂದ ಕೊಟ್ಟರು. ಎಸಿಸಿ ಒಂದು ಪಾಲು ಕೊಡುತ್ತದೆ, ಉಳಿದದ್ದನ್ನು ಕ್ಲಿನಿಕ್ಕಿನವರು ಕೇಳಬಹುದು.

ಆದರೆ ಆ ದಿನ ಎಮರ್ಜೆನ್ಸಿಯಲ್ಲಿ ಇನ್ನೊಂದು ಮಾತು ನಡೆದಿತ್ತು. ಬೇರೆ ಎಲ್ಲಾದರೂ ನೋವಿದೆಯಾ ಅಂತ ಡಾಕ್ಟರ್ ಕೇಳಿದರು. ಅಮ್ಮ ಅಂದರು: "ಭುಜದಲ್ಲೂ ಒಂಚೂರು ಇದೆ. ವಯಸ್ಸಾಯ್ತಲ್ಲ, ಇದ್ದೇ ಇರುತ್ತೆ ಬಿಡಿ." ನಮ್ಮ ಅಮ್ಮಂದಿರೆಲ್ಲ ಹೀಗೇ ಅಲ್ವಾ? ಡಾಕ್ಟರಿಗೆ ಜಾಸ್ತಿ ತೊಂದರೆ ಕೊಡಬಾರದು ಅನ್ನುವ ಸಂಕೋಚ. ಮಗ ಅದನ್ನೇ ಇಂಗ್ಲಿಷಿಗೆ ತಿರುಗಿಸಿದ: ಭುಜ ನೋವಿದೆ, ಅದು ವಯಸ್ಸಿನದು. ಡಾಕ್ಟರ್ ಬರೆದುಕೊಂಡರು. ಭುಜ ಎಸಿಸಿ 45ಕ್ಕೆ ಹತ್ತಲೇ ಇಲ್ಲ.

ಮೂರು ವಾರದ ಮೇಲೆ ಅಪ್ಪನ ಸರದಿ. ರಾತ್ರಿ ಎದೆ ಹಿಡಿದುಕೊಂಡಿತು. ಆಂಬುಲೆನ್ಸ್ ಬಂತು, ಅದೇ ಆಸ್ಪತ್ರೆ, ಅದೇ ಎಮರ್ಜೆನ್ಸಿ. ಹೃದಯದ ರಕ್ತನಾಳ ಕಿರಿದಾಗಿದೆ ಅಂದರು. ಇಲ್ಲಿ ಎಸಿಸಿ ಇಲ್ಲ. ಕಾಯಿಲೆ ಅಪಘಾತವಲ್ಲ. ಹೊರಗಿನ ಬಲವೊಂದು ಮೈಗೆ ತಾಗಿ ಆದದ್ದು ಅಪಘಾತ, ಒಳಗಿನಿಂದ ಬಂದದ್ದು ಕಾಯಿಲೆ ಅನ್ನುವುದು ಸ್ಥೂಲವಾದ ಗೆರೆ. ಹೃದಯಾಘಾತ, ಲಕ್ವ ಕವರ್ ಆಗುವುದು ಕೆಲವೇ ಸಂದರ್ಭದಲ್ಲಿ, ಉದಾಹರಣೆಗೆ ಚಿಕಿತ್ಸೆಯಿಂದಲೇ ಆದ ಗಾಯವಾಗಿದ್ದರೆ. ಆಂಬುಲೆನ್ಸಿನಿಂದ ಹಿಡಿದು ಹಾಸಿಗೆಯವರೆಗೆ ಎಲ್ಲದಕ್ಕೂ ಬಿಲ್ ಬಂತು. ಟ್ರಾವೆಲ್ ಇನ್ಶೂರೆನ್ಸ್ ಇತ್ತು, ಆದರೆ ಕಂಪನಿಯವರ ಮೊದಲ ಪ್ರಶ್ನೆಯೇ ಬಿಪಿ ಎಷ್ಟು ವರ್ಷದಿಂದ ಇದೆ ಅನ್ನುವುದು. ಅದೊಂದು ಬೇರೆಯೇ ಕಥೆ, ಇಲ್ಲಿ ಬೇಡ. ಎಸಿಸಿ ಇದೆಯಲ್ಲ ಅಂತ ಅಪ್ಪ ಅಮ್ಮನ ಇನ್ಶೂರೆನ್ಸ್ ಬಿಡುವ ಯೋಚನೆ ಯಾರಿಗಾದರೂ ಇದ್ದರೆ, ದಯವಿಟ್ಟು ಮಾಡಬೇಡಿ.

ಈ ಒಳಗು ಹೊರಗಿನ ಗೆರೆ ಕೆಲವೊಮ್ಮೆ ಕ್ರೂರವೂ ಹೌದು. 2019ರ ಮಾರ್ಚ್ 15ರ ಕ್ರೈಸ್ಟ್‌ಚರ್ಚ್ ಮಸೀದಿ ದಾಳಿಯನ್ನು ಕಣ್ಣಾರೆ ಕಂಡು, ಮೈಗೆ ಪೆಟ್ಟಾಗದೆ ಮನಸ್ಸು ಮುರಿದವರಿಗೆ ಎಸಿಸಿ ಕವರ್ ಇರಲಿಲ್ಲ. ದೈಹಿಕ ಗಾಯದ ಬೆನ್ನಿಗೆ ಬಂದ ಮಾನಸಿಕ ಗಾಯ, ಕೆಲವು ಲೈಂಗಿಕ ಅಪರಾಧಗಳಿಂದ ಆದದ್ದು, ಕೆಲಸದ ಮೇಲಿದ್ದಾಗ ಭೀಕರ ಘಟನೆ ಕಂಡು ಆದದ್ದು, ಇಷ್ಟಕ್ಕೇ ಕಾಯ್ದೆ ಬಾಗಿಲು ತೆರೆದಿದೆ. ಅಲ್ಲಿಗೆ ಬಂದ ಪೊಲೀಸನಿಗೆ ಸಿಗಬಹುದಾದದ್ದು, ನಮಾಜಿಗೆ ಬಂದವನಿಗೆ ಇಲ್ಲ. ನನ್ನ ಮಟ್ಟಿಗೆ ಈ ಯೋಜನೆಯ ಅತ್ಯಂತ ದುರ್ಬಲ ಜಾಗ ಇದು.

ಅಮ್ಮನ ಕೈಗೆ ವಾಪಸ್ ಬರೋಣ. ಆರು ವಾರಕ್ಕೆ ಪ್ಲಾಸ್ಟರ್ ಬಿಚ್ಚಿದರು. ಮಣಿಕಟ್ಟು ಕೂಡಿತ್ತು. ಆದರೆ ತಲೆ ಬಾಚಿ ಜಡೆ ಹಾಕಲು ಕೈ ಮೇಲೇಳುತ್ತಿಲ್ಲ. ಪ್ಲಾಸ್ಟರ್ ಭಾರಕ್ಕೆ ಹೀಗಾಗಿದೆ ಅಂದುಕೊಂಡಿದ್ದರು, ಅಷ್ಟು ದಿನ ಜೋಳಿಗೆಯಲ್ಲಿದ್ದ ಕೈಯನ್ನು ಎತ್ತಿ ನೋಡಿದವರೇ ಇಲ್ಲ. ಈಗ ಸೊಸೆ ಜಡೆ ಹಾಕುತ್ತಾಳೆ. ಅಮ್ಮ ಎಡಗೈಯಿಂದ ಬಲ ಮೊಣಕೈ ಹಿಡಿದು ಎತ್ತುತ್ತಾರೆ, ಬಿಟ್ಟ ತಕ್ಷಣ ಕೈ ದೊಪ್ಪನೆ ಕೆಳಗೆ ಬೀಳುತ್ತದೆ. ಡಾಕ್ಟರ್ ಅಲ್ಟ್ರಾಸೌಂಡ್ ಬರೆದುಕೊಟ್ಟರು. ಭುಜ ಎತ್ತುವ ಸ್ನಾಯುರಜ್ಜು, ರೊಟೇಟರ್ ಕಫ್ ಅನ್ನುತ್ತಾರಲ್ಲ, ಪೂರ್ತಿ ಹರಿದಿದೆ. ಜೊತೆಗೆ ವರದಿಯಲ್ಲಿ ಇನ್ನೊಂದು ಸಾಲು: ಸವೆತದ ಲಕ್ಷಣಗಳಿವೆ.

ಭುಜವನ್ನೂ ಅದೇ ಕ್ಲೇಮಿಗೆ ಸೇರಿಸಿ ಅಂತ ಡಾಕ್ಟರ್ ಎಸಿಸಿಗೆ ಬರೆದರು. ಮಾಮೂಲಿ ಕ್ಲೇಮಿಗೆ ಎಸಿಸಿ 21 ದಿನದೊಳಗೆ ಉತ್ತರ ಕೊಡಬೇಕು. ಮಾಹಿತಿ ಸಾಲದಿದ್ದರೆ ತಿಳಿಸಿ ಗಡುವು ಮುಂದಕ್ಕೆ ಹಾಕಬಹುದು, ಒಟ್ಟು ನಾಲ್ಕು ತಿಂಗಳವರೆಗೆ. ಏನೂ ಹೇಳದೆ ಗಡುವು ಮೀರಿದರೆ ಕವರ್ ಸಿಕ್ಕಿದಂತೆಯೇ ಲೆಕ್ಕ. ಇದನ್ನು ತುಂಬಾ ಜನ ಗಮನಿಸುವುದಿಲ್ಲ.

ಇಲ್ಲಿ ಉತ್ತರ ಬಂತು. ಭುಜದ ಉಳುಕಿಗೆ ಕವರ್ ಇದೆ. ರಜ್ಜು ಹರಿದಿರುವುದಕ್ಕೆ ಇಲ್ಲ, ಅದು ಬೀಳುವ ಮೊದಲೇ ಇದ್ದದ್ದು. ಕಾರಣಗಳು: ಅಲ್ಟ್ರಾಸೌಂಡಿನಲ್ಲಿ ಸವೆತ, ವಯಸ್ಸು, ಬಿದ್ದ ದಿನ ಭುಜದ ಗಾಯ ದಾಖಲಾಗಿಲ್ಲ, ವರ್ಷಗಟ್ಟಲೆ ಹೊಲಿಗೆ ಕೆಲಸ.

ಮಗನಿಗೆ ಸಿಟ್ಟು ಬಂತು. ಅಪಘಾತದಲ್ಲಿ ಯಾರ ತಪ್ಪು ಅಂತ ಕೇಳದ ವ್ಯವಸ್ಥೆ ಈಗ ಅಮ್ಮನ ಮೈಯನ್ನೇ ತಪ್ಪಿತಸ್ಥನ ಜಾಗದಲ್ಲಿ ನಿಲ್ಲಿಸಿದೆ ಅಂದ. ಅವನ ಮಾತಲ್ಲಿ ಹುರುಳಿದೆ. ಯಾರಿಂದ ಆಯಿತು ಅನ್ನುವ ಜಗಳ ಇಲ್ಲಿ ಇಲ್ಲವಾದ್ದರಿಂದಲೇ ಯಾವುದರಿಂದ ಆಯಿತು ಅನ್ನುವ ಜಗಳ ಜೋರು. ಭುಜ, ಬೆನ್ನು, ಮಂಡಿ: ವಯಸ್ಸಾದವರ ಕ್ಲೇಮು ಇಂಥ ಕಡೆ ಸಿಕ್ಕಿಕೊಳ್ಳುವುದುಂಟು.

ಕಾಯ್ದೆಯ ಸೆಕ್ಷನ್ 26 ಹೇಳುವುದು ಇಷ್ಟು. ಪೂರ್ತಿಯಾಗಿ ಅಥವಾ ಬಹುಮಟ್ಟಿಗೆ ಮುಪ್ಪಿನಿಂದ ಆದದ್ದು ಗಾಯವಲ್ಲ. ವಯಸ್ಸಾದವರಿಗೆ ಕವರ್ ಇಲ್ಲ ಅಂತ ಅದು ಹೇಳುವುದಿಲ್ಲ. ಸವೆತ ಇದ್ದರೆ ಮುಗಿಯಿತು ಅಂತಲೂ ಅಲ್ಲ. ಸವೆದಿದ್ದ ರಜ್ಜು ಬಿದ್ದ ಪೆಟ್ಟಿಗೆ ಹರಿದಿದ್ದರೆ ಅದು ಗಾಯ. ಮೊದಲೇ ಹರಿದಿದ್ದದ್ದು ಬಿದ್ದ ಮೇಲೆ ನೋಯಲು ಶುರುವಾಗಿದ್ದರೆ ಅದು ಗಾಯವಲ್ಲ. ಇದನ್ನು ಅಮ್ಮನಿಗೆ ವಿವರಿಸಿದಾಗ ಅವರೇ ಸರಿಯಾಗಿ ಹಿಡಿದರು: "ನೂಲು ಲಡ್ಡಾಗಿರೋ ಬ್ಲೌಸು ಎಳೆದಾಗ ಪರ್ ಅಂತ ಹರಿಯೋದು ಬೇರೆ, ಮೊದಲೇ ಕಂಕುಳಲ್ಲಿ ಹರಿದಿರೋದು ಹಾಕ್ಕೊಂಡಾಗ ಕಾಣೋದು ಬೇರೆ." ಎಸಿಸಿಯ ಪತ್ರಕ್ಕಿಂತ ಇದು ಸ್ಪಷ್ಟವಾಗಿತ್ತು.

ನಿರ್ಧಾರ ಒಪ್ಪದಿದ್ದರೆ ಮೂರು ತಿಂಗಳೊಳಗೆ ಮರುಪರಿಶೀಲನೆ ಕೇಳಬಹುದು. ಶುಲ್ಕವಿಲ್ಲ. ಎಸಿಸಿಗೆ ಸೇರದ ಪರಿಶೀಲಕರು ನೋಡುತ್ತಾರೆ. ಅಲ್ಲೂ ಸೋತರೆ 28 ದಿನದೊಳಗೆ ಜಿಲ್ಲಾ ಕೋರ್ಟಿಗೆ ಮೇಲ್ಮನವಿ. ದಾರಿ ತೋರಿಸುವ ಉಚಿತ ಸೇವೆಯೂ ಇದೆ. ಅಮ್ಮ ತನ್ನ ಪರವಾಗಿ ಮಾತಾಡಲು ಮಗನಿಗೆ ಅಧಿಕಾರಪತ್ರ ಕೊಟ್ಟರು. ಅವನು ಮೊದಲು ಮಾಡಿದ ಕೆಲಸ ಸರಿಯಾದದ್ದೇ: ಎಸಿಸಿಯಿಂದ ಇಡೀ ಫೈಲ್ ತರಿಸಿಕೊಂಡ. ಅಲ್ಲಿನ ಪ್ರೈವಸಿ ಕಾಯ್ದೆಯಡಿ ಕೇಳಿದರೆ 20 ಕೆಲಸದ ದಿನಗಳೊಳಗೆ ಉತ್ತರಿಸಬೇಕು. ಫೈಲಿನಲ್ಲಿ ಎಮರ್ಜೆನ್ಸಿ ಡಾಕ್ಟರ್ ಬರೆದ ಸಾಲು ಸಿಕ್ಕಿತು. ಬಲ ಭುಜದಲ್ಲಿ ನೋವು, ವಯಸ್ಸಿಗೆ ಸಂಬಂಧಿಸಿದ್ದು ಎನ್ನುತ್ತಾರೆ.

ಈ ಸಾಲು ಎರಡು ಅಲಗಿನದು. ಎಸಿಸಿ ಅದರ ಎರಡನೇ ಅರ್ಧ ಓದಿತ್ತು. ಮೊದಲ ಅರ್ಧ ಅಮ್ಮನ ಪರ: ಬಿದ್ದ ದಿನವೇ ಭುಜ ನೋಯುತ್ತಿತ್ತು ಅನ್ನುವುದಕ್ಕೆ ಅಲ್ಲೇ ದಾಖಲೆ ಇದೆ. ಹಾಗಾದರೆ ಆರು ವಾರದ ಅಂತರದ ವಾದ ನಿಲ್ಲುವುದಿಲ್ಲ. ಇಂಥ ಕಡೆ ಮನೆಯವರ ಬದಲು ದುಭಾಷಿಯನ್ನು ಕೇಳಿದ್ದರೆ ಚೆನ್ನಾಗಿತ್ತು. ಆಸ್ಪತ್ರೆಯಲ್ಲೂ ಎಸಿಸಿಯಲ್ಲೂ ಕೇಳುವ ಅವಕಾಶವಿದೆ. ಮಗ ಅಮ್ಮನ ಮಾತನ್ನಷ್ಟೇ ಅಲ್ಲ, ಅವರ ಸಂಕೋಚವನ್ನೂ ಸೇರಿಸಿ ಹೇಳಿಬಿಡುತ್ತಾನೆ.

ಹೊಲಿಗೆಯದ್ದೂ ಹಾಗೇ. ವರ್ಷಗಟ್ಟಲೆ ಹೊಲಿದರೆ ಭುಜ ಸವೆಯುತ್ತದೆ ಅಂತ ಎಸಿಸಿ ಓದಿತು. ಅಮ್ಮನ ಹೊಲಿಗೆ ಅಳತೆ ಪುಸ್ತಕ ಬೇರೆ ಕಥೆ ಹೇಳುತ್ತಿತ್ತು. ಪಕ್ಕದ ಮನೆಯವರು ಹಾಸನದಿಂದ ವಾಟ್ಸಾಪಿನಲ್ಲಿ ಅದರ ಫೋಟೋ ಕಳಿಸಿದರು: ಎದೆ, ಸೊಂಟ, ತೋಳು, ಪಕ್ಕದಲ್ಲಿ ಕೊಡುವ ತಾರೀಖು, ಕೊಟ್ಟ ಮೇಲೆ ಎಳೆದ ಅಡ್ಡಗೆರೆ. ವಿಮಾನ ಹತ್ತುವ ಹಿಂದಿನ ವಾರದವರೆಗೂ ಗೆರೆ ಬಿದ್ದಿದೆ. ಪೂರ್ತಿ ಹರಿದ ಭುಜದಲ್ಲಿ ಬಟ್ಟೆ ಕತ್ತರಿಸಿ, ಮಷಿನ್ ತುಳಿದು, ಇಸ್ತ್ರಿ ಹಾಕಿ ಕೊಡುವುದು ಅಷ್ಟು ಸುಲಭವಲ್ಲ. ಊರಿನ ಡಾಕ್ಟರಿಂದಲೂ ಒಂದು ಪತ್ರ ಬಂತು: ಇವರು ಭುಜದ ನೋವಿಗೆ ಯಾವತ್ತೂ ಬಂದಿಲ್ಲ.

ಇವೆಲ್ಲ ಬೇಕು, ಆದರೆ ಸಾಲದು. ಇಂಥ ಪ್ರಕರಣ ಕೊನೆಗೆ ನಿಲ್ಲುವುದು ತಜ್ಞರ ಅಭಿಪ್ರಾಯದ ಮೇಲೆ. ಅಪಘಾತದಿಂದಲೇ ಆಗಿರುವ ಸಂಭವ ಆಗದಿರುವುದಕ್ಕಿಂತ ಜಾಸ್ತಿ ಅಂತ ತೋರಿಸಬೇಕು. ಭುಜ ನೋಯುತ್ತಿದೆ, ಆಪರೇಷನ್ ಬೇಕು ಅಂತಷ್ಟೇ ಬರೆದ ಪತ್ರ ಇಲ್ಲಿ ಕೆಲಸಕ್ಕೆ ಬಾರದು. ಏಕೆ ಇದು ಹೊಸದಾಗಿ ಹರಿದದ್ದು ಅಂತ ಅದರಲ್ಲಿರಬೇಕು. ಮಗ ಮೂಳೆ ತಜ್ಞರನ್ನು ಕೇಳಿದ್ದು ಇದನ್ನೇ. ಎಂಆರ್‌ಐ ಆಯಿತು. ಹಿಂದೆಯೇ ಹರಿದದ್ದಾದರೆ ಆ ಸ್ನಾಯು ಸೊರಗಿ ಅದರೊಳಗೆ ಕೊಬ್ಬು ಸೇರಿಕೊಂಡಿರುತ್ತದೆ. ಅಮ್ಮನ ಸ್ನಾಯುವಿನಲ್ಲಿ ಹಾಗೆ ಹೆಚ್ಚೇನೂ ಇರಲಿಲ್ಲ. ಚಾಚಿದ ಕೈ ಊರಿ ಬೀಳುವುದು ಈ ರಜ್ಜು ಹರಿಯಲು ಸಾಕಾದ ಪೆಟ್ಟು, ಸ್ವಲ್ಪ ಸವೆತ ಮೊದಲೇ ಇದ್ದಿರಬಹುದು, ರಜ್ಜು ಮಾತ್ರ ಬಿದ್ದಾಗಲೇ ಹರಿದಿರುವ ಸಂಭವ ಜಾಸ್ತಿ ಅಂತ ತಜ್ಞರು ಬರೆದುಕೊಟ್ಟರು. ಸವೆತವನ್ನು ಮುಚ್ಚಿಡದೆ ಒಪ್ಪಿಕೊಂಡೇ ವಾದ ಮಾಡಿದ್ದು ಆ ಪತ್ರದ ಬಲ.

ಅಷ್ಟರಲ್ಲಿ ಬೇರೆ ಲೆಕ್ಕಗಳೂ ಶುರುವಾಗಿದ್ದವು. ಊರಲ್ಲಿ ಸೀಸನ್ ಆರ್ಡರ್ ಎಲ್ಲ ಕೈತಪ್ಪಿದವು, ಆ ನಷ್ಟಕ್ಕೆ ಎಸಿಸಿ ಏನೂ ಕೊಡುವುದಿಲ್ಲ. ಅಲ್ಲಿ ದುಡಿಯುವವನಿಗೆ ಗಾಯವಾಗಿ ಕೆಲಸ ತಪ್ಪಿದರೆ ಮೊದಲ ವಾರ ಕಳೆದ ಮೇಲೆ ಸಂಬಳದ ಶೇ. 80ರಷ್ಟು ವಾರವಾರ ಬರುತ್ತದೆ. ಕೆಲಸದ ಜಾಗದಲ್ಲೇ ಆದ ಗಾಯವಾದರೆ ಆ ಮೊದಲ ವಾರದ್ದನ್ನು ಮಾಲೀಕನೇ ಕೊಡಬೇಕು. ಆದರೆ ಅದು ನ್ಯೂಜಿಲೆಂಡಿನ ಗಳಿಕೆಗೆ ಮಾತ್ರ. ಹಾಸನದ ಹೊಲಿಗೆ ಲೆಕ್ಕಕ್ಕಿಲ್ಲ. ಅಮ್ಮನನ್ನು ನೋಡಿಕೊಳ್ಳಲು ಸೊಸೆ ಹಾಕಿದ ಸಂಬಳವಿಲ್ಲದ ರಜೆಗೂ ಇಲ್ಲ. ಮನೆಗೆಲಸಕ್ಕೆ ಸಹಾಯ ಕೇಳಬಹುದಿತ್ತು, ಆದರೆ ಮನೆಯಲ್ಲಿರುವ ಬೇರೆಯವರು ಎಷ್ಟು ಮಾಡಬಹುದು ಅನ್ನುವುದನ್ನೂ ಎಸಿಸಿ ತೂಗುತ್ತದೆ. ಇಬ್ಬರು ಗಟ್ಟಿಮುಟ್ಟಾದವರಿರುವ ಮನೆಯಲ್ಲಿ ಅದು ಸಿಗುವುದು ಕಷ್ಟ ಅಂತ ಬಿಟ್ಟರು. ಟಿಕೆಟ್ ಮುಂದೂಡಿದ ಖರ್ಚು ಟ್ರಾವೆಲ್ ಇನ್ಶೂರೆನ್ಸಿನ ಪಾಲಿಗೆ ಹೋಯಿತು.

ಆಪರೇಷನ್? ಮೊದಲು ಮೂರು ತಿಂಗಳು ಫಿಸಿಯೋ ಮಾಡಿ ನೋಡೋಣ ಅಂದರು ತಜ್ಞರು. ಉಳುಕಿನ ಕವರ್ ಇತ್ತಲ್ಲ, ಅದರ ಮೇಲೆ ಫಿಸಿಯೋ ಶುರುವಾಯಿತು. ಗೋಡೆಗೆ ಬೆರಳೂರಿ ಮೇಲೇರಿಸುವುದು, ಕೋಲು ಹಿಡಿದು ಎತ್ತುವುದು. ಕೈ ಭುಜದ ಮಟ್ಟಕ್ಕೆ ಬಂತು.

ಮರುಪರಿಶೀಲನೆಯ ಅರ್ಜಿ ಗಡುವಿನೊಳಗೇ ಹೋಗಿತ್ತು. ವೀಸಾ ಮುಗಿಯುತ್ತಾ ಬಂತು. ಹೇಗೂ ಊರಿಗೆ ಹೋಗುತ್ತಿದ್ದೇವೆ, ಅರ್ಜಿ ವಾಪಸ್ ತಗೋ ಅಂದರು ಅಪ್ಪ. ಅವರ ತರ್ಕಕ್ಕೂ ಅರ್ಥವಿತ್ತು. ನ್ಯೂಜಿಲೆಂಡಿನ ಹೊರಗೆ ಮಾಡಿಸಿದ ಚಿಕಿತ್ಸೆಗೆ ಎಸಿಸಿ ದುಡ್ಡು ಕೊಡುವುದಿಲ್ಲ. ಗೆದ್ದರೂ ಬೆಂಗಳೂರಿನ ಆಪರೇಷನ್ನಿಗೆ ಒಂದು ಡಾಲರೂ ಬರುವುದಿಲ್ಲ. ಆದರೂ ಮಗ ಬಿಡಲಿಲ್ಲ, ಬಿಡದಿದ್ದದ್ದೇ ಸರಿ. ವಿಚಾರಣೆಗೆ ಫೋನಿನಲ್ಲೂ ಹಾಜರಾಗಬಹುದು. ಕವರ್ ಅನ್ನುವುದು ಗಾಯಕ್ಕೆ ಅಂಟಿಕೊಂಡಿರುತ್ತದೆ, ಆ ಪ್ರವಾಸಕ್ಕಲ್ಲ.

ವಿಚಾರಣೆ ನಡೆಯಲೇ ಇಲ್ಲ. ತಜ್ಞರ ಪತ್ರ, ಎಂಆರ್‌ಐ ನೋಡಿದ ಎಸಿಸಿಯ ವೈದ್ಯಕೀಯ ಸಲಹೆಗಾರರು ಹಳೆಯ ನಿರ್ಧಾರ ಬದಲಿಸಲು ಒಪ್ಪಿದರು. ರಜ್ಜು ಹರಿದದ್ದಕ್ಕೂ ಕವರ್ ಇದೆ ಅನ್ನುವ ಹೊಸ ಪತ್ರ ಬರುವಾಗ ಅಮ್ಮ ಆಗಲೇ ಹಾಸನ ಸೇರಿದ್ದರು. ಅಲ್ಲಿನ ಫಿಸಿಯೋ ಖರ್ಚು ಮನೆಯದ್ದೇ. ಮುಂದಿನ ಸಲ ಬಂದಾಗ ಭುಜ ತೊಂದರೆ ಕೊಟ್ಟರೆ ಹೊಸ ಕ್ಲೇಮು ಬೇಡ, ಇದೇ ಕ್ಲೇಮ್ ನಂಬರಿನ ಮೇಲೆ ಚಿಕಿತ್ಸೆ ಕೇಳಬಹುದು. ಅಲ್ಲಿಯವರೆಗೆ ಊರಿನ ಫಿಸಿಯೋ ಚೀಟಿ, ಸ್ಕ್ಯಾನ್, ಡಾಕ್ಟರ್ ಬರೆದುಕೊಟ್ಟದ್ದು ಎಲ್ಲವನ್ನೂ ತಾರೀಖಿನ ಪ್ರಕಾರ ಒಂದು ಫೈಲಿನಲ್ಲಿ ಇಡಬೇಕು. ನಡುವೆ ಭುಜಕ್ಕೆ ಬೇರೆ ಪೆಟ್ಟು ಬಿದ್ದಿಲ್ಲವೇ ಅಂತ ಎಸಿಸಿ ಕೇಳಿಯೇ ಕೇಳುತ್ತದೆ.